ಮೈಸೂರಿನ ಮೇಲೆ ಹಾರದ ವಿಮಾನ

"ಮೈಸೂರಿನ ಅರಮನೆ ಉಟ್ಟಲ್ಲ ಮೊಣ್ಣ, ಅದು ಹಿಂಗೆ ಸೀದಾ ನನ್ನ ಕಾಲಡಿಗೆ ಬಾತ್. ಗೋಪುರ ಎಷ್ಟು ಅಂತ ಎಣಿಸ್ಬಹುದಿತ್ತು."

ದೇರಪ್ಪ ಎಲೆಅಡಿಕೆ ತಟ್ಟೆಯಿಂದ ಇನ್ನೊಂದು ಅಡಿಕೆ ಹೋಳು ಎತ್ತಿ ಜಗಲಿಯ ಸಿಮೆಂಟಿನ ಮೇಲಿಟ್ಟ. ಅದು ಮೈಸೂರು. ಅದಕ್ಕೂ ಮೊದಲು ಇಟ್ಟವು ವಿಮಾನ ಎದ್ದ ಮಂಗಳೂರಿನ ಬಜಪೆ, ಸಂಪಾಜೆ ಘಾಟಿ, ಮಡಿಕೇರಿ, ಕುಶಾಲನಗರದ ಸೇತುವೆ. ಇನ್ನು ಬೆಂಗಳೂರೊಂದು ಬಾಕಿ.

ಸಬ್ ಇನ್ಸ್‌ಪೆಕ್ಟರ್ ಮೊಣ್ಣಪ್ಪ ಎದುರಿನ ಬೆಂಚಿನಲ್ಲಿ, ಟೊಪ್ಪಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಅಕ್ಕನ ಗಂಡನ ಈ ವಿಮಾನದ ಕತೆಯನ್ನು ಅವನು ಕೇಳುತ್ತಿದ್ದುದು ಐದನೆಯ ಸಲ. ಮೊದಲ ನಾಲ್ಕು ಸಲ ಊರಿನ ಹತ್ತು ಮಂದಿಯ ಜೊತೆ ಬಾಯಿ ಬಿಟ್ಟುಕೊಂಡು ಕೇಳಿದ್ದ. ಈ ಸಲ ಅವನೇ ಕೇಳಿ ಹೇಳಿಸುತ್ತಿದ್ದ.

"ಸೇತುವೆ ಮೇಲೆ ಬಸ್ಸು ಕಂಡದ್ದು ಅಂದಿದ್ರಿ, ಬಾವ."

"ಕಂಡದ್ದೇ! ಬೆಂಕಿಪೆಟ್ಟಿಗೆ ಇದ್ದಂಗೆ ಇತ್ತ್. ಮೇಲೆ ಗೋಣಿ ಕಟ್ಟಿದ್ದು ಸಹ ಕಂಡತ್."

"ಒಟ್ಟು ಎಷ್ಟು ಹೊತ್ತು ಹಿಡೀತ್?"

"ಎರಡೂವರೆ ಗಂಟೆ. ಎರಡು ಹತ್ತಕ್ಕೆ ಎದ್ದದ್ದು, ನಾಲ್ಕು ನಲ್ವತ್ತಕ್ಕೆ ಇಳ್ದದ್ದು. ಇನ್ನೂರೈವತ್ತು ಮೈಲಿ ಅಲ್ಲವಾ ಮಾರಾಯ? ವಾಚು ನೋಡಿಯೇ ಹೇಳ್ತಿದ್ದೆ."

"ಹಂಗಾದ್ರೆ ನಾಲ್ಕು ಗಂಟೆಗೆ?"

ದೇರಪ್ಪನ ಬೆರಳು ಮೈಸೂರಿನ ಹೋಳಿನ ಮೇಲೆ ನಿಂತಿತು. "ನಾಲ್ಕಕ್ಕೆ ಇಲ್ಲಿ. ಪಾಪ, ಇಲ್ಲಿ ಆ ಮಲ್ಲಪ್ಪನ ಜೀವ ಹೋಗುವಾಗ ನಾ ಮೈಸೂರಿನ ಮೇಲಿದ್ದೆ ನೋಡು."

ಹದಿನೈದು ದಿನದ ಹಿಂದೆ, ಮಂಗಳವಾರ, ತೋಟದಲ್ಲಿ ಕೆಲಸ ಬಿಡುವ ನಾಲ್ಕು ಗಂಟೆಯ ಬಡಿತದ ಜೊತೆಗೇ ಒಂದು ಕೂಗು ಕೇಳಿಸಿತ್ತು. ಓಡಿಹೋದವರಿಗೆ ದೇವರಕಾಡಿನ ಅಂಚಿನಲ್ಲಿ ಸಿಕ್ಕಿದ್ದು ಎಸ್ಟೇಟ್ ರೈಟರ್ ಮಲ್ಲಪ್ಪನ ಹೆಣ, ಹೆಣದ ಪಕ್ಕದಲ್ಲಿ ಜೇನು ಕೊಯ್ಯುವ ನಿಂಗನ ಕತ್ತಿ.

ಕತ್ತಿ ಕಳೆದು ಒಂದು ವಾರವಾಗಿತ್ತು ಎಂದು ನಿಂಗ ಹೇಳಿದ. ಅದನ್ನು ನಂಬುವವರು ಯಾರು? ನಾಳೆ ಹನ್ನೊಂದು ಗಂಟೆಗೆ ಅವನನ್ನು ಮಡಿಕೇರಿಯ ಕೋರ್ಟಿಗೆ ಒಪ್ಪಿಸಬೇಕು. ಒಪ್ಪಿಸಿದ ಮೇಲೆ, ಕೋರ್ಟಿನಲ್ಲಿ ಮಾತಾಡಲು ತಿಳಿಯದ ನಿಂಗನಂಥವನು ಹಿಂದೆ ಬರುವುದು ಗಲ್ಲಿನ ಆಚೆಯಿಂದ ಬಂದ ಹಾಗೆ.

ಮಲ್ಲಪ್ಪ ಸಾಯುವ ಮೂರು ದಿನ ಮೊದಲು ಠಾಣೆಗೆ ಬಂದು, ದೇವರಕಾಡಿನ ಬೀಟೆ ಮರಗಳು ರಾತ್ರೋರಾತ್ರಿ ಮಾಯವಾಗುತ್ತಿವೆ ಎಂದಿದ್ದ. ಯಾರು ಎಂದು ಕೇಳಿದರೆ, "ಹೆಸರು ಹೇಳಿದ್ರೆ ನಿಮಗೇ ಬೇಜಾರಾಗ್ತದೆ ಸಾರ್, ಇನ್ನೊಮ್ಮೆ ಬರ್ತೇನೆ" ಎಂದು ಎದ್ದುಹೋಗಿದ್ದ. ಆ ದೇವರಕಾಡಿನ ತಕ್ಕ, ಕಾಡನ್ನು ಕಾಯುವ ಮನೆತನದ ಹಿರಿಯ, ದೇರಪ್ಪನೇ.

ಆದರೂ ಮೊಣ್ಣಪ್ಪನ ಮನಸ್ಸು ಆ ಕಡೆ ಹೋಗಿರಲಿಲ್ಲ. ಹೋಗುವುದು ಹೇಗೆ? ಸೋಮವಾರ ಬೆಳಿಗ್ಗೆ ಬಾವನನ್ನು ಮಡಿಕೇರಿ ಬಸ್ಸಿಗೆ ಹತ್ತಿಸಿದವನು ತಾನೇ. ಕೇಸ್ ಡೈರಿಯಲ್ಲಿ, "ಸದರಿ ದೇರಪ್ಪನವರು ಅಂದು ಊರಲ್ಲಿರಲಿಲ್ಲ, ಇದು ನನಗೆ ಖುದ್ದು ಗೊತ್ತು" ಎಂದು ಬರೆದು ಸಹಿ ಹಾಕಿದವನೂ ತಾನೇ.

* * *

ಇವತ್ತು ಬೆಳಿಗ್ಗೆ ಏಳು ಗಂಟೆಯವರೆಗೆ ಆ ಸಹಿಯ ಬಗ್ಗೆ ಅವನಿಗೆ ಯಾವ ಅಳುಕೂ ಇರಲಿಲ್ಲ.

ಏಳಕ್ಕೆ ಅವನು ಠಾಣೆಗೆ ಬಂದಾಗ ನಿಂಗನ ಹೆಂಡತಿ ಲಿಂಗಿ ಎಂದಿನಂತೆ ಹಲಸಿನ ಮರದ ಬುಡದಲ್ಲಿ ಕೂತಿದ್ದಳು. ಎದ್ದು ನಿಲ್ಲಲಿಲ್ಲ. ಮೊದಲ ದಿನಗಳಲ್ಲಿ ಎದ್ದು ಕೈಮುಗಿಯುತ್ತಿದ್ದಳು. ನಾಳೆ ಗಂಡನನ್ನು ಒಯ್ಯುತ್ತಾರೆಂದು ತಿಳಿದ ಮೇಲೆ ಬಿಟ್ಟಿದ್ದಳು.

ಒಳಗೆ ಹೆಡ್ ಕಾನ್‌ಸ್ಟೇಬಲ್ ಶಾಂತಪ್ಪ ಲಾಕಪ್ಪಿನ ಮುಂದೆ ಸ್ಟೂಲು ಹಾಕಿಕೊಂಡು ಹೊತ್ತು ಕಳೆಯುತ್ತಿದ್ದ. ಶನಿವಾರಸಂತೆ ಕಡೆಯವನು, ಬಾಯಿ ಸುಮ್ಮನಿರುತ್ತಿರಲಿಲ್ಲ.

"ವಿಮಾನ ಅಂದ್ರೆ ಏನಂತ ತಿಳ್ಕೊಂಡಿದೀಯ ನಿಂಗ? ನಮ್ ದೇರಪ್ಪನೋರು ಮಡಿಕೇರಿ ಮೇಲ್ಗಡೆ ಹಾರಿ, ಕುಶಾಲನಗರದ್ ಮೇಲ್ಗಡೆ ಹಾರಿ, ಮೈಸೂರಿನ್ ಮೇಲ್ಗಡೆ ಹಾರಿ ಬೆಂಗಳೂರಿಗೆ ಹೋಗಿ ಕೂತ್ರು ಕಣಯ್ಯ!"

ನಿಂಗ ನಕ್ಕ. ಹದಿನೈದು ದಿನದಲ್ಲಿ ಅವನ ಹಲ್ಲು ಕಂಡದ್ದು ಅದೇ ಮೊದಲು.

"ಅದ್ಯಾಕೆ ಸಾಮಿ ರಸ್ತೆ ಮೇಲೇ ಹೋಯ್ತದೆ? ಅದಕ್ಕೆ ಚಕ್ರ ಉಂಟಾ?"

"ಚಕ್ರಾನೂ ಐತೆ."

"ರೆಕ್ಕೆಯೂ ಉಂಟಲ್ಲ. ರೆಕ್ಕೆ ಇದ್ದದ್ದು ಯಾಕೆ ಸುತ್ತಿಕೊಂಡು ಹೋಗೋದು?"

"ಏ, ದಾರಿ ತಪ್ಪಬಾರದಲ್ಲಪ್ಪ!" ಎಂದ ಶಾಂತಪ್ಪ. ಆದರೆ ಅವನ ದನಿಯಲ್ಲೂ ಸ್ವಲ್ಪ ಅನುಮಾನ ಸುಳಿಯಿತು.

ನಿಂಗ ಸರಳಿನ ಹತ್ತಿರ ಸರಿದು ಕೂತ. ಜೇನಿನ ಮಾತು ಬಂದರೆ ಮಾತ್ರ ಅವನ ನಾಲಗೆ ಸಡಿಲುತ್ತಿತ್ತು.

"ತೋಡಿನ ನೀರಿಗೆ ಜೇನು ಬಂದು ಕೂರ್ತದಲ್ಲ ಸಾಮಿ, ಅದರ ಬೆನ್ನಿಗೆ ಒಂದು ಚೂರು ಅಕ್ಕಿಹಿಟ್ಟು ಹಚ್ಚಿ ಬಿಡೋದು. ನಾನು ಒಂದು ಎಲೆ ಬಾಯಿಗೆ ಹಾಕ್ಕೊಂಡು ಕಾಯೋದು. ಎಲೆ ಉಗುಳೋದರೊಳಗೆ ಹಿಟ್ಟಿನ ಜೇನು ತಿರುಗಿ ಬಂತು ಅಂದ್ರೆ ಗೂಡು ಈ ಗುಡ್ಡದಾಚೆ. ಎರಡನೇ ಎಲೆ ಹಾಕಬೇಕಾಯ್ತು ಅಂದ್ರೆ ಅದರಾಚೆಯ ಗುಡ್ಡ. ನನಗೆ ಅಲ್ಲಿಗೆ ಹೋಗೋಕೆ ಅರ್ಧ ದಿನ. ಯಾಕೆ, ನಾನು ತೋಡು ಸುತ್ತಿ, ಕಡಿದಾದ ಬರೆ ಸುತ್ತಿ ಹೋಯ್ತೇನೆ. ಜೇನು ಸುತ್ತೋದಿಲ್ಲ. ಮೂಗು ಯಾವ ಕಡೆಯೋ ಆ ಕಡೆ."

ಮೊಣ್ಣಪ್ಪ ಬಾಗಿಲಲ್ಲೇ ನಿಂತಿದ್ದ. ಟೊಪ್ಪಿಯನ್ನೂ ತೆಗೆಯದೆ ತಿರುಗಿ ಶಾಲೆಯ ಕಡೆ ನಡೆದ.

ಶಾಲೆಯಲ್ಲಿ ಮಕ್ಕಳು ಇನ್ನೂ ಬಂದಿರಲಿಲ್ಲ. ಗೋಡೆಯಲ್ಲಿ ತೂಗುಹಾಕಿದ ನಕ್ಷೆಯ ಮೇಲೆ, ಗೋಣಿ ಹೊಲಿಯುವ ದಾರದ ಒಂದು ತುದಿಯನ್ನು ಮಂಗಳೂರಿಗೆ ಒತ್ತಿ ಹಿಡಿದು ಇನ್ನೊಂದು ತುದಿಯನ್ನು ಬೆಂಗಳೂರಿಗೆ ಎಳೆದ. ದಾರ ಕೊಡಗನ್ನು ಕೆಳಗೆ ಬಿಟ್ಟು ಮೇಲಿಂದ ಮೇಲೆಯೇ ದಾಟಿತು. ಮಡಿಕೇರಿ ಒಂದು ಅಂಗುಲಕ್ಕೂ ಹೆಚ್ಚು ಕೆಳಗೆ ಉಳಿಯಿತು. ಮೈಸೂರು ಇನ್ನೂ ಕೆಳಗೆ. ಅಂಗುಲಕ್ಕೆ ಮೂವತ್ತೆರಡು ಮೈಲಿ ಎಂದು ನಕ್ಷೆಯ ಮೂಲೆಯಲ್ಲಿ ಬರೆದಿತ್ತು. ಅವನು ಮೂರು ಸಲ ಅಳೆದ. ಮೂರು ಸಲವೂ ಆರಂಗುಲಕ್ಕೆ ಚೂರು ಕಡಿಮೆ. ಅದೇ ದಾರವನ್ನು ಬಸ್ಸಿನ ರಸ್ತೆಯ ಮೇಲೆ ಬಳುಕಿಸಿ ಹಾಸಿದರೆ ಎಂಟಂಗುಲದ ಹತ್ತಿರ ಬಂತು.

ಕೊಡಗಿನಲ್ಲಿ ಹುಟ್ಟಿದವನಿಗೆ ಮಂಗಳೂರಿನಿಂದ ಬೆಂಗಳೂರಿಗೆ ಹೋಗುವುದೆಂದರೆ ಮಡಿಕೇರಿಯ ಮೇಲೆಯೇ. ಬೇರೆ ದಾರಿ ಇದ್ದೀತೆಂದು ಯಾರಿಗೂ ಹೊಳೆಯುವುದಿಲ್ಲ. ಊರಿನ ಹತ್ತು ಮಂದಿಗೆ ಹೊಳೆಯಲಿಲ್ಲ. ಪೋಲೀಸ್ ಸಬ್ ಇನ್ಸ್‌ಪೆಕ್ಟರಿಗೆ ಹೊಳೆಯಲಿಲ್ಲ. ರಸ್ತೆಯನ್ನೇ ಹೆಚ್ಚು ಕಾಣದ ಜೇನು ಕುರುಬನಿಗೆ ಹೊಳೆಯಿತು.

ಹತ್ತು ಗಂಟೆಯ ಟಪಾಲಿಗೆ ಮಂಗಳೂರಿನ ವಿಮಾನದ ಆಫೀಸಿನಿಂದ ಕಾಗದ ಬಂತು. ಫೈಲಿಗೆ ಒಂದು ಕಾಗದವಿರಲಿ ಎಂದು ಅವನೇ ಹಿಂದಿನ ವಾರ ಬರೆದು ಕೇಳಿದ್ದ. ಬಂದದ್ದನ್ನು ನಿಂತೇ ಓದಿದ. ಆಮೇಲೆ ಕೂತು ಓದಿದ.

* * *

"ಎಂತ, ಮೌನ ಆದದ್ದು? ನೀನೂ ಒಮ್ಮೆ ಹತ್ತುಕು ಮೊಣ್ಣ. ಮುಂದಿನ ವರ್ಷ ಇಬ್ಬರೂ ಹೋಗುವ" ಎಂದ ದೇರಪ್ಪ.

ಅಂಗಳದಲ್ಲಿ ಕಾಫಿ ಒಣಗುತ್ತಿತ್ತು. ಇಬ್ಬರು ಹೆಂಗಸರು ದೂರದ ತುದಿಯಲ್ಲಿ ಕೋಲುಹಲಗೆಯಿಂದ ಅದನ್ನು ಎಳೆದು ಮಗುಚುತ್ತಿದ್ದರು. ಈ ಅಂಗಳದಲ್ಲೇ ಮೊಣ್ಣಪ್ಪ ಸೈಕಲ್ ಕಲಿತದ್ದು. ತಾಯಿ ಸತ್ತಾಗ ಅವನಿಗೆ ಏಳು ವರ್ಷ. ಹೊಸದಾಗಿ ಮದುವೆಯಾಗಿದ್ದ ಅಕ್ಕ ಬೊಳ್ಳಮ್ಮ, ತಮ್ಮನನ್ನೂ ಕೈಹಿಡಿದುಕೊಂಡು ಈ ಮನೆಯ ಮೆಟ್ಟಿಲು ಹತ್ತಿದ್ದಳು. ಮಳೆಗಾಲದಲ್ಲಿ ತೋಡು ತುಂಬಿದರೆ ಬಾವ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ದಾಟಿಸುತ್ತಿದ್ದ. ಮಡಿಕೇರಿಯಲ್ಲಿ ಓದಿಸಿದ್ದು ಬಾವ. ಮೈಮೇಲಿನ ಈ ಖಾಕಿಯೂ ಒಂದು ರೀತಿಯಲ್ಲಿ ಬಾವ ಹೊಲಿಸಿಕೊಟ್ಟದ್ದೇ.

ಅವನು ಬೆಂಚಿನಿಂದ ಇಳಿದು ಅಡಿಕೆ ಹೋಳುಗಳ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಬೆಂಗಳೂರು ಇಡ್ಲಿಲ್ಲ, ಬಾವ."

ದೇರಪ್ಪ ನಕ್ಕು ಕೊನೆಯ ಹೋಳನ್ನಿಟ್ಟ.

ಮೊಣ್ಣಪ್ಪ ಜೇಬಿನಿಂದ ಗೋಣಿದಾರ ತೆಗೆದ. ಒಂದು ತುದಿಯನ್ನು ಬಜಪೆಯ ಹೋಳಿನಡಿ ಸಿಕ್ಕಿಸಿದ. ಇನ್ನೊಂದನ್ನು ಬೆಂಗಳೂರಿಗೆ ಎಳೆದು ಬಿಗಿ ಮಾಡಿದ. ಮಡಿಕೇರಿ, ಕುಶಾಲನಗರ, ಮೈಸೂರು ಮೂರೂ ಬಿಲ್ಲಿನಂತೆ ಕೆಳಗೆ ಬಾಗಿ ಉಳಿದವು. ದಾರ ಬಿಲ್ಲಿನ ಹೆದೆಯ ಹಾಗೆ ನೇರ ನಿಂತಿತು.

"ವಿಮಾನ ಹೋಗುದು ಇದರ ಮೇಲೆ. ನೀವು ಹೋದದ್ದು ಬಸ್ಸಿನ ರಸ್ತೆ ಮೇಲೆ."

ದೇರಪ್ಪ ದಾರವನ್ನು ನೋಡಿದ. ಬಹಳ ಹೊತ್ತು ನೋಡಿದ. ಅವನ ಮುಖದಲ್ಲಿ ಮೊದಲು ಬಂದದ್ದು ಭಯವಲ್ಲ. ತನ್ನ ತೋಟದಲ್ಲೇ ತನಗೆ ಗೊತ್ತಿಲ್ಲದ ಕಾಲುದಾರಿ ಕಂಡವನ ಬೆರಗು.

"ಗಾಳಿ ಇತ್ತ್ ಕಾಣುತ್ತೆ. ಸುತ್ತಿಸಿಕೊಂಡು ಹೋದ್ರು."

"ಸುತ್ತಲಿಲ್ಲ." ಮೊಣ್ಣಪ್ಪ ಕಾಗದವನ್ನು ಬಿಡಿಸಿದ. "ಬಜಪೆಯಿಂದ ಬೆಂಗಳೂರಿಗೆ ನೂರಾ ಎಂಬತ್ತೇಳು ಮೈಲಿ. ಆ ಮಂಗಳವಾರ ಎರಡು ಹತ್ತಕ್ಕೆ ಎದ್ದದ್ದು ನಿಜ. ಇಳಿದದ್ದು ಮೂರೂವರೆಗೆ. ಒಂದು ಗಂಟೆ ಇಪ್ಪತ್ತು ನಿಮಿಷ. ನೀವು ಮೈಸೂರಿನ ಮೇಲಿದ್ದೆ ಅನ್ನುವ ಹೊತ್ತಿಗೆ ಅದು ಬೆಂಗಳೂರಿನಲ್ಲಿ ಇಳಿದು ಅರ್ಧ ಗಂಟೆ ಆಗಿತ್ತು."

"ವಾಚು ಕೆಟ್ಟಿರೊಕ್ಕು."

"ಅರಮನೆಯೂ ಕೆಟ್ಟಿತ್ತಾ, ಬಾವ?"

ದೇರಪ್ಪ ಎಲೆಗೆ ಸುಣ್ಣ ಸವರಲು ತೊಡಗಿದ.

"ಇನ್ನೊಂದು ಉಟ್ಟು. ವಿಮಾನ ಹತ್ತುವ ಮೊದಲು ಸಾಮಾನು ತೂಗಿದ ಹಾಗೆ ಮನುಷ್ಯರನ್ನೂ ತೂಗಿ ಬರೀತಾರಂತೆ. ಟಿಕೆಟಿನಲ್ಲಿ ಇದ್ದ ಹೆಸರೇ ಪಟ್ಟಿಯಲ್ಲಿಯೂ ಉಟ್ಟು, ಕೆ. ದೇರಪ್ಪ. ಮುಂದೆ ತೂಕ, ತೊಂಬತ್ತೆಂಟು ಪೌಂಡು." ಮೊಣ್ಣಪ್ಪ ತಲೆಯೆತ್ತಿದ. "ಹೋದ ವರ್ಷ ತಮಾಷೆಗೆ ಕಾಫಿ ತಕ್ಕಡಿಯಲ್ಲಿ ಕೂತಿದ್ರಿ. ಕಲ್ಲು ಇಟ್ಟದ್ದು ನಾನು. ನೂರಾ ಎಂಬತ್ತೆಂಟು ಆಗಿತ್ತ್."

"ಹೌದಲ್ಲ! ಬ್ಯಾಗು ಒಂದು ಹತ್ತು. ನೂರಾ ತೊಂಬತ್ತೆಂಟು ಆತಲ್ಲ." ದೇರಪ್ಪ ಎಲೆಯನ್ನು ಮಡಚಿ ಬಾಯಿಗಿಟ್ಟ. "ಆ ಗುಮಾಸ್ತ ಮುಂದಿನ ಒಂದನ್ನು ಬರೆಯೂಕೆ ಮರೆತದ್ದು. ಇದನ್ನು ಹಿಡ್ಕೊಂಡು ಕೋರ್ಟಿಗೆ ಹೋಗ್ತೀಯಾ ಮೊಣ್ಣ? ಗುಮಾಸ್ತನ ಒಂದು ಗೀಟು ದೊಡ್ಡದಾ, ಇನ್ಸ್‌ಪೆಕ್ಟರ್ ಮೊಣ್ಣಪ್ಪನ ಸಹಿ ದೊಡ್ಡದಾ?"

ಅದು ಸರಿಯಾಗಿಯೇ ಇತ್ತು. ಅದೇ ಮೊಣ್ಣಪ್ಪನ ಎದೆಗೆ ಒತ್ತಿದ್ದು. ಅರಮನೆ ಕಂಡೆ ಎನ್ನುವುದು ಜಗಲಿಯ ಬಡಾಯಿ. ಬಡಾಯಿಗೆ ಯಾರೂ ಗಲ್ಲು ಕೊಡುವುದಿಲ್ಲ. ದೇರಪ್ಪನ ಹೆಸರಿನಲ್ಲಿ ಆ ವಿಮಾನದಲ್ಲಿ ಕೂತದ್ದು ಯಾರು? ಆ ಜೀವ ಎದುರು ನಿಂತು ಹೇಳಿದರೆ ಮಾತ್ರ ನಿಂಗ ಹೊರಗೆ.

"ಒಂದು ಕೇಳ್ತೇನೆ. ವಿಮಾನದಲ್ಲಿ ಎಂತ ಕೊಟ್ರು?"

"ಕಾಫಿ. ಕಲಗಚ್ಚು ಇದ್ದಂಗೆ ಇತ್ತ್."

ಮೊಣ್ಣಪ್ಪ ಕಾಗದದ ಕೊನೆಯ ಸಾಲನ್ನು ಮತ್ತೆ ನೋಡಿದ. ಆಫೀಸಿನವರು ಮರ್ಯಾದೆಗೆ ಬರೆದ ಸಾಲು ಅದು: ಪ್ರಯಾಣಿಕರ ಅನುಕೂಲಕ್ಕಾಗಿ ಕಿವಿಗೆ ಇಟ್ಟುಕೊಳ್ಳಲು ಹತ್ತಿ ಮತ್ತು ಹಸುರು ಕಾಗದದಲ್ಲಿ ಸುತ್ತಿದ ಎರಡು ಪೆಪ್ಪರ್‌ಮಿಂಟು ಕೊಡಲಾಗುತ್ತದೆ, ಬೇರೆ ಉಪಚಾರವಿಲ್ಲ.

ಹಸುರು ಕಾಗದ. ಬೆಳಿಗ್ಗೆ ಓದಿದಾಗಲೇ ಅದು ಎಲ್ಲೋ ಚುಚ್ಚಿತ್ತು. ಎಲ್ಲಿ ಎಂದು ಹೊಳೆದಿರಲಿಲ್ಲ.

ಒಳಗಿನಿಂದ ಬೊಳ್ಳಮ್ಮ ಎರಡು ಲೋಟ ಬೆಲ್ಲದ ಕಾಫಿ ತಂದಳು. ಸಣ್ಣ ಮೈಯ ಹೆಂಗಸು. ಬಗ್ಗಿ ತಮ್ಮನ ಮುಂದೆ ಲೋಟ ಇಡುವಾಗ ಸೆರಗು ಜಾರಿತು. ಎಡ ಕಿವಿಯಲ್ಲಿ ಒಂದು ಉಂಡೆ ಹತ್ತಿ ಇತ್ತು.

ಮೊಣ್ಣಪ್ಪನ ಮನೆಯ ಕಿಟಕಿಯಲ್ಲಿ, ಅನ್ನದ ಅಗುಳು ಹಚ್ಚಿ ಅಂಟಿಸಿದ ಒಂದು ಚೂರು ಕಾಗದವಿತ್ತು. ಬಿಸಿಲು ಬಿದ್ದರೆ ನೆಲದ ಮೇಲೆ ಹಸುರು ಬೆಳಕು ಮಾಡುತ್ತಿತ್ತು. ಅದು ಅವನ ಐದು ವರ್ಷದ ಮಗಳು ಗಂಗೆಯ ಆಸ್ತಿ. ಅತ್ತೆ ಕೊಟ್ಟ ಮಿಠಾಯಿಯದ್ದು ಎಂದಿದ್ದಳು. ಅತ್ತೆ ಬೊಳ್ಳಮ್ಮ ಬಂದುಹೋದದ್ದು ಕೊಲೆಯಾದ ವಾರದ ಶುಕ್ರವಾರ, ಸುಳ್ಯದ ಚಿಕ್ಕಮ್ಮನ ಮನೆಯಿಂದ ಹಿಂದೆ ಬಂದ ಮಾರನೆಯ ದಿನ.

ಅವನು ಲೋಟ ಮುಟ್ಟಲಿಲ್ಲ.

"ಅಕ್ಕ, ಕಿವಿಗೆ ಎಂತ ಆತ್?"

"ಶೀತ. ಒಂದೇ ಸಮ ಗುಂಯ್ ಅನ್ತದೆ."

"ಎಂದಿನಿಂದ?"

"ಸುಳ್ಯಕ್ಕೆ ಹೋಗಿ ಬಂದ ಮೇಲೆ."

"ಸುಳ್ಯದಲ್ಲಿ ಹಸುರು ಕಾಗದದ ಪೆಪ್ಪರ್‌ಮಿಂಟು ಸಿಕ್ತದಾ ಅಕ್ಕ?"

ಬೊಳ್ಳಮ್ಮ ನೆಟ್ಟಗೆ ನಿಂತಳು. ಗಂಡನ ಕಡೆ ನೋಡಲಿಲ್ಲ. ನೆಲದ ಮೇಲಿನ ಅಡಿಕೆ ಹೋಳುಗಳನ್ನು, ಅವುಗಳ ಮೇಲೆ ಬಿಗಿದ ದಾರವನ್ನು ನೋಡಿದಳು. ಈ ಹದಿನೈದು ದಿನವೂ ಜಗಲಿಯಲ್ಲಿ ನಡೆದ ಕತೆಯನ್ನು ಅವಳು ಒಳಗಿನಿಂದ ಕೇಳಿದ್ದಳು, ಐದು ಸಲವೂ.

ಮೊಣ್ಣಪ್ಪನ ದನಿ ತಾನಾಗಿ ಸಣ್ಣದಾಯಿತು. "ಎಷ್ಟು ಹೊತ್ತು ಹಿಡೀತ್ ಅಕ್ಕ?"

ದೇರಪ್ಪ, "ಬೊಳ್ಳು, ನೀ ಒಳಗೆ ಹೋಗು" ಎಂದ.

ಅವಳು ಹೋಗಲಿಲ್ಲ.

"ಒಂದೂಕಾಲು ಗಂಟೆ, ಅದರ ಮೇಲೆ ಚೂರು" ಎಂದಳು. "ಹೆದರಿಕೆಯಲ್ಲಿ ಪೆಪ್ಪರ್‌ಮಿಂಟು ತಿನ್ನೂಕೂ ಮರೆತಿದ್ದೆ. ಮಡಿಕೇರಿ ಎಲ್ಲಿ ಕಾಣ್ತದೆ ಮೊಣ್ಣ? ಬಲದ ಕಡೆ ದೂರದಲ್ಲಿ ಒಂದು ನೀಲಿ ಗೆರೆ ಇತ್ತ್. ಅದೇ ಕೊಡಗಿನ ಬೆಟ್ಟ ಅಂತ ಪಕ್ಕದಲ್ಲಿದ್ದವರು ಹೇಳಿದ್ರು. ಅಷ್ಟು ದೂರದಿಂದ ನಮ್ಮ ಬೆಟ್ಟ ಎಷ್ಟು ಸಣ್ಣದು ಗೊತ್ತುಟ್ಟಾ? ಒರಗಿಸಿಟ್ಟ ಗೋಣಿಯಷ್ಟೇ. ಮತ್ತೆ ಬರೀ ಕೆರೆ. ಒಂದಾದ ಮೇಲೆ ಒಂದು ಕೆರೆ."

ದೇರಪ್ಪ ಹೆಂಡತಿಯನ್ನೇ ನೋಡುತ್ತಿದ್ದ. ಈ ಸಂಗತಿಗಳು ಅವನಿಗೂ ಹೊಸದು. ಒಂದು ಮಾತು ಅವಳನ್ನು ಕೇಳಿದ್ದರೆ ಸಾಕಿತ್ತು. ಕೆರೆಗಳೂ ಸಿಗುತ್ತಿದ್ದವು, ಹೊತ್ತೂ ಸಿಗುತ್ತಿತ್ತು. ಆದರೆ ಹೆಂಡತಿ ಕಂಡುಬಂದದ್ದನ್ನು ಕೇಳುವ ಅಭ್ಯಾಸ ಅವನಿಗೆ ಇರಲಿಲ್ಲ. ಮಂಗಳೂರು ರಸ್ತೆಯ ಒಂದೊಂದು ತಿರುವೂ ತನಗೆ ಗೊತ್ತಿರುವಾಗ ಕೇಳುವುದೇನು?

"ಯಾಕೆ ಹೋದೆ ಅಕ್ಕ?"

"ಹೋಗು ಅಂದ್ರು, ಹೋದೆ. ನಂಗೆ ಬೇರೆ ಕೆಲಸ ಬಾತ್, ಟಿಕೆಟ್ ಹಾಳಾಗ್ತದೆ, ಸುಳ್ಯಕ್ಕೆ ಅಂತ ಹೊರಟು ಮಂಗಳೂರಿಗೆ ಹೋಗಿ ಹತ್ತು, ಹೆಂಗಸು ಒಬ್ಬಳೇ ಹಾರಿದ್ಲು ಅಂದ್ರೆ ಜನ ಆಡ್ಕೊಳ್ತಾರೆ, ಯಾರಿಗೂ ಹೇಳ್ಬೇಡ ಅಂದ್ರು." ಅವಳು ಸೆರಗು ಸರಿಮಾಡಿಕೊಂಡಳು. "ನಂಗೂ ಆಸೆ ಇತ್ತ್ ಮೊಣ್ಣ. ಗುರುವಾರ ಬಂದು ಮೆಟ್ಟಿಲು ಹತ್ತುವಾಗ ಮಲ್ಲಪ್ಪನ ಸುದ್ದಿ ಗೊತ್ತಾತ್."

"ಅಂದೇ ನನಗೆ ಹೇಳ್ಬಹುದಿತ್ತು."

ಬೊಳ್ಳಮ್ಮ ಕಾಫಿಯ ಲೋಟವನ್ನು ತಮ್ಮನ ಹತ್ತಿರಕ್ಕೆ ಸರಿಸಿದಳು.

ಮೊಣ್ಣಪ್ಪ ಬಾವನ ಕಡೆ ತಿರುಗಿದ. ಆ ಸೋಮವಾರದ ಬೆಳಿಗ್ಗೆ ಅವನ ಕಣ್ಣಿಗೆ ಬಂತು. ಬಸ್‌ಸ್ಟ್ಯಾಂಡಿಗೆ ಬಾ ಎಂದು ಬಾವ ಹೇಳಿಕಳಿಸಿದ್ದ. ಬ್ಯಾಗು ಹೊತ್ತದ್ದು ತಾನು. ಹೋಟೆಲಿನಲ್ಲಿ ಬಾವ ಅವನಿಗೆ ಗೋಳಿಬಜೆ ಕೊಡಿಸಿ, ಚಿಕ್ಕಂದಿನಲ್ಲಿ ಮಾಡುತ್ತಿದ್ದ ಹಾಗೆ ತನ್ನ ತಟ್ಟೆಯದನ್ನೂ ಒಂದು ಎತ್ತಿ ಅವನ ತಟ್ಟೆಗೆ ಹಾಕಿದ್ದ. ಬಸ್ಸು ತಿರುಗುವವರೆಗೆ ಕಿಟಕಿಯಿಂದ ಕೈಬೀಸಿದ್ದ. ಆವತ್ತು ಇಡೀ ದಿನ ಮೊಣ್ಣಪ್ಪನಿಗೆ ಒಂದು ಬಗೆಯ ಸಂತೋಷವಿತ್ತು. ಮುಂದಿನ ಚೆಟ್ಟಳ್ಳಿಯಲ್ಲೋ ಎಲ್ಲೋ ಇಳಿದು ಕಾಡುದಾರಿಯಲ್ಲಿ ನಡೆದು ಬರಲು ಬಾವನಿಗೆ ಅರ್ಧ ದಿನವೂ ಬೇಕಿರಲಿಲ್ಲ.

"ನನ್ನನ್ನೇ ಯಾಕೆ ಬಾವ?"

ದೇರಪ್ಪ ಎಲೆಯ ರಸವನ್ನು ಅಂಗಳದಂಚಿಗೆ ಉಗಿದು ಬಾಯಿ ಒರೆಸಿಕೊಂಡ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಕಾಫಿ ಗಿಡವನ್ನು ಯಾವ ಚಿಗುರುಕಣ್ಣಿನ ಮೇಲೆ ಕತ್ತರಿಸಬೇಕು ಎಂದು ಹೇಳಿಕೊಡುವಾಗಿನ ಅದೇ ತಾಳ್ಮೆ.

"ಮತ್ತೆ ಯಾರ ಮಾತು ಕೋರ್ಟು ನಂಬುತ್ತದೆ ಹೇಳು? ನೀ ಸುಳ್ಳು ಹೇಳುವವನಲ್ಲ ಅಂತ ಇಡೀ ಸಿದ್ದಾಪುರಕ್ಕೆ ಗೊತ್ತು. ಹಂಗೆ ಬೆಳೆಸಿದ್ದು ನಾನೇ."

ಮೊಣ್ಣಪ್ಪ ಕೇಸ್ ಡೈರಿ ತೆಗೆದು ತೊಡೆಯ ಮೇಲಿಟ್ಟ. ಪೆನ್ನಿನ ಮುಚ್ಚಳ ತಿರುಗಿಸಿದ.

"ಅಕ್ಕ, ಈಗ ಹೇಳಿದ್ದನ್ನೇ ಬರ್ಕೊಳ್ತೇನೆ. ಒಂದು ಸಹಿ ಹಾಕು. ನಾಳೆ ಹನ್ನೊಂದಕ್ಕೆ ನಾನು ಅದನ್ನು ಕೋರ್ಟಿಗೆ ಕೊಡ್ತೇನೆ."

"ಬರೆ, ಬರೆ" ಎಂದ ದೇರಪ್ಪ. "ಟಿಕೆಟ್ ಈ ಮನೆಗೆ ಹೇಂಗೆ ಬಾತ್ ಅಂತಲೂ ಬರೆ. ಮಂಗಳೂರಿನಿಂದ ರಿಜಿಸ್ಟರ್ ಕವರಿನಲ್ಲಿ ಬಾತ್. ಪೋಸ್ಟಾಫೀಸಿಗೆ ಹೋಗಿ ಸಹಿ ಹಾಕಿ ಬಿಡಿಸಿ ತಂದದ್ದು ಯಾರು? ನೆನಪುಟ್ಟಾ?"

ನೆನಪಿತ್ತು. ಠಾಣೆಯಿಂದ ಪೋಸ್ಟಾಫೀಸಿಗೆ ಹತ್ತು ಹೆಜ್ಜೆ, ನೀನೇ ತಂದುಬಿಡು ಎಂದು ಬಾವ ಹೇಳಿದ್ದ. ಒಳಗೇನಿದೆ ಎಂದು ಮೊಣ್ಣಪ್ಪ ಕೇಳಿಯೂ ಇರಲಿಲ್ಲ. ಪೋಸ್ಟಾಫೀಸಿನ ಪುಸ್ತಕದಲ್ಲಿ ಅವನ ಸಹಿ ತಾರೀಕಿನ ಸಮೇತ ಕೂತಿತ್ತು.

"ಟಿಕೆಟ್ ತಂದವ ನೀನು. ಬಸ್ಸಿಗೆ ಹತ್ತಿಸಿದವ ನೀನು. ಊರಲ್ಲಿ ಇರ್ಲಿಲ್ಲ ಅಂತ ಬರೆದವನೂ ನೀನು. ಹಾರಿದವಳು ನಿನ್ನ ಅಕ್ಕ." ದೇರಪ್ಪ ಲೋಟ ಎತ್ತಿಕೊಂಡ. "ನಾ ಎಂತದೂ ಮಾಡಿದೆ ಅಂತ ಹೇಳ್ಲಿಲ್ಲ. ಆದರೆ ಇದನ್ನೆಲ್ಲ ಬಿಡಿಸೂಕೆ ಹೋದ್ರೆ ಮೊದಲು ಉದುರುದು ನಿನ್ನ ಟೊಪ್ಪಿ."

ಮೊಣ್ಣಪ್ಪ ಅಕ್ಕನ ಮಾತನ್ನು ನಾಲ್ಕು ಸಾಲಿನಲ್ಲಿ ಬರೆದು ಪೆನ್ನನ್ನು ಅಕ್ಕನ ಕಡೆ ಹಿಡಿದ.

ಬೊಳ್ಳಮ್ಮ ತೆಗೆದುಕೊಂಡಳು. ಮಿಡ್ಲ್ ಸ್ಕೂಲಿನವರೆಗೆ ಓದಿದವಳು, ಚೆನ್ನಾಗಿ ಬರೆಯುತ್ತಿದ್ದಳು. ಮೊಣ್ಣಪ್ಪನ ಕೈ ಹಿಡಿದು ಅಕ್ಷರ ತಿದ್ದಿಸಿದ್ದೂ ಅವಳೇ.

"ಇವರನ್ನ ಎಂತ ಮಾಡ್ತಾರೆ ಮೊಣ್ಣ?"

ಅವಳಿಗೆ ಅವನು ಯಾವತ್ತೂ ಸುಳ್ಳು ಹೇಳಿರಲಿಲ್ಲ.

"ಗಲ್ಲು ಆಗಬಹುದು ಅಕ್ಕ."

"ನಾ ಸಹಿ ಹಾಕದಿದ್ರೆ?"

"ಅದೇ ಗಲ್ಲು ನಿಂಗನಿಗೆ. ಅವನ ಹೆಂಡತಿ ಲಿಂಗಿ ಠಾಣೆ ಮುಂದೆ ಹಲಸಿನ ಮರದಡಿ ಕೂತಿದ್ದಾಳೆ. ನಿನಗೆ ಗೊತ್ತು ಅವಳು. ಚಳಿಗೆ ಜೇನು ತಂದುಕೊಡುವವಳು."

ಬೊಳ್ಳಮ್ಮ ಪೆನ್ನನ್ನು ನೋಡಿದಳು. ಅಂಗಳದ ತುದಿಯಲ್ಲಿ ಕಾಫಿ ಎಳೆಯುವ ಕರಕರ ಸದ್ದು ಒಮ್ಮೆ ನಿಂತು ಮತ್ತೆ ಶುರುವಾಯಿತು. ಅವಳು ಪೆನ್ನಿಗೆ ಮುಚ್ಚಳ ಹಾಕಿದಳು. ತಮ್ಮನ ಜೇಬಿಗೆ ಅದನ್ನು ಸಿಕ್ಕಿಸಿ, ಜೇಬಿನ ಗುಂಡಿಯನ್ನೂ ಹಾಕಿದಳು, ಶಾಲೆಗೆ ಕಳಿಸುವಾಗ ಹಾಕುತ್ತಿದ್ದಂತೆ.

ಆಮೇಲೆ ಬೆರಳೆತ್ತಿ ಎಡ ಕಿವಿಯ ಹತ್ತಿಯನ್ನು ಇನ್ನಷ್ಟು ಒಳಗೆ ಒತ್ತಿಕೊಂಡಳು.

"ನಂಗೆ ಎಂತದೂ ಕೇಳುದಿಲ್ಲೆ ಮೊಣ್ಣ. ಶೀತ" ಎಂದಳು. "ನಾ ಸುಳ್ಯದಲ್ಲಿದ್ದೆ."

ಸೆರಗನ್ನು ತಲೆಗೆಳೆದುಕೊಂಡು ಒಳಗೆ ಹೋದಳು. ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಶುರುವಾಯಿತು. ಬೇಕಾದ್ದಕ್ಕಿಂತ ಜೋರಾದ ಸದ್ದು.

ಮೊಣ್ಣಪ್ಪ ಹಾಗೆಯೇ ಕೂತಿದ್ದ. ಬಾವ ಮಾಡಿದ್ದು ಬೆನ್ನಿಗೆ ಬಿದ್ದ ಏಟು. ಅದು ಎಲ್ಲಿ ಬಿದ್ದಿದೆ ಎಂದು ಮುಟ್ಟಿ ನೋಡಬಹುದಿತ್ತು. ಈಗ ಬಿದ್ದದ್ದು ಎಲ್ಲಿ ಎಂದೇ ತಿಳಿಯಲಿಲ್ಲ.

"ಕಾಫಿ ಆರ್ತದೆ. ಕುಡಿ" ಎಂದ ದೇರಪ್ಪ ಮೆಲ್ಲಗೆ. ಬಗ್ಗಿ ಅಡಿಕೆ ಹೋಳುಗಳನ್ನು ಒಂದೊಂದಾಗಿ ಎತ್ತಿ ತಟ್ಟೆಗೆ ಹಾಕತೊಡಗಿದ. ಬೆಂಗಳೂರು ಹೋಯಿತು, ಮೈಸೂರು ಹೋಯಿತು, ಕುಶಾಲನಗರ ಹೋಯಿತು. ದಾರದ ಒಂದು ತುದಿ ನೆಲದ ಮೇಲೆ ಸಡಿಲಾಗಿ ಬಿತ್ತು.

ಮೊಣ್ಣಪ್ಪ ಜೇಬಿನ ಗುಂಡಿ ಬಿಚ್ಚಿದ. ಪೆನ್ನು ತೆಗೆದ. ಡೈರಿಯ ಹೊಸ ಹಾಳೆ ತಿರುಗಿಸಿ ಬರೆಯಲು ಶುರುಮಾಡಿದ. ಅವಸರವಿಲ್ಲದ ದುಂಡಗಿನ ಅಕ್ಷರ, ಅಕ್ಕ ತಿದ್ದಿಸಿದ್ದೇ.

ದೇರಪ್ಪನ ಕೈ ಮಡಿಕೇರಿಯ ಹೋಳಿನ ಮೇಲೆ ನಿಂತಿತು. "ಎಂತ ಬರೀತಿದ್ದಿ? ಅವಳು ಸಹಿ ಹಾಕುದಿಲ್ಲೆ ಅಂದ್ಲಲ್ಲ."

"ಅಕ್ಕನ ಹೇಳಿಕೆ ಅಲ್ಲ, ಬಾವ."

"ಮತ್ತೆ ಯಾರದ್ದು?"

ಮೊಣ್ಣಪ್ಪ ಡೈರಿಯನ್ನು ಅವನ ಕಡೆ ತಿರುಗಿಸಿ ಹಿಡಿದ. ಹೇಳಿಕೆ ಕೊಡುವವರ ಹೆಸರು ಎಂದು ಅಚ್ಚಾದ ಗೆರೆಯ ಮುಂದೆ ಮೊಣ್ಣಪ್ಪ, ಸಬ್ ಇನ್ಸ್‌ಪೆಕ್ಟರ್, ಸಿದ್ದಾಪುರ ಎಂದಿತ್ತು. ಅದರ ಕೆಳಗೆ ಮೊದಲ ಸಾಲು: ಸದರಿ ದೇರಪ್ಪನವರು ಊರಲ್ಲಿರಲಿಲ್ಲ ಎಂದು ನಾನು ಹಿಂದೆ ಬರೆದದ್ದು ಸುಳ್ಳು, ಅವರ ಹೆಸರಿನ ವಿಮಾನದ ಟಿಕೆಟನ್ನು ಸಹಿ ಹಾಕಿ ತಂದವನು ನಾನೇ.

ದೇರಪ್ಪ ಕಾಫಿಯ ಲೋಟವನ್ನು ನೆಲಕ್ಕಿಟ್ಟ. ಅದು ವಾಲಿತು, ಕಾಫಿ ಸಿಮೆಂಟಿನ ಮೇಲೆ ಚೆಲ್ಲಿ ದಾರದವರೆಗೆ ಹರಿಯಿತು.

ಒಳಗೆ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು.